ಕೇಳಿಸ್ತದೆ, ತಿಳೀತಿಲ್ಲ

ಶವಪೆಟ್ಟಿಗೆಯ ಪಕ್ಕ ನಿಂತು ನಮ್ಮ ಚರ್ಚಿನ ಸಭಾಪಾಲಕರು ದೊಡ್ಡಮ್ಮನನ್ನು "ಶಾಂತ ಸ್ವಭಾವದ ತಾಯಿ" ಎಂದು ಕರೆದಾಗ ನನ್ನ ಮೈಯೆಲ್ಲ ಉರಿದುಹೋಯಿತು. "ಸದಾ ಹಿಂದೆ ಕೂತು ಮೌನವಾಗಿ ದೇವರನ್ನು ಆರಾಧಿಸಿದವರು" ಎಂದೂ ಸೇರಿಸಿದರು. ಜನ ತಲೆಯಾಡಿಸಿದರು. ಅವರಲ್ಲಿ ಅರ್ಧ ಜನಕ್ಕೆ ದೊಡ್ಡಮ್ಮ ಯಾರೆಂದೇ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ಸುಮ್ಮನೆ ಕೂತಿದ್ದೆವು.

ದೊಡ್ಡಮ್ಮ ಶಾಂತ ಸ್ವಭಾವದವರಾಗಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುತ್ತಿದ್ದ ಹೆಂಗಸು. ಆ ಸಿಟ್ಟು ಇಲ್ಲದಿದ್ದರೆ ಮಾಸ್ತಿಕಟ್ಟೆಯ ತಗಡಿನ ಶೆಡ್ಡಿನಲ್ಲಿ ಅಷ್ಟು ವರ್ಷ ನಮ್ಮ ಸಭೆ ಉಳಿಯುತ್ತಲೇ ಇರಲಿಲ್ಲ.

ಮಾಣಿ ಅಣೆಕಟ್ಟು ಕಟ್ಟುವ ಕಾಲದಲ್ಲಿ ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದ ಜನರ ನಡುವೆ ಕೆಲವು ಕ್ರೈಸ್ತ ಕುಟುಂಬಗಳೂ ಇದ್ದವು. ಒಬ್ಬರ ಮನೆಮಾತು ತಮಿಳು, ಇನ್ನೊಬ್ಬರದು ತೆಲುಗು, ಮತ್ತೊಬ್ಬರದು ಮಲಯಾಳ. ಎಲ್ಲರಿಗೂ ತಿಳಿಯುತ್ತಿದ್ದದ್ದು ಕೆಲಸದ ಜಾಗದಲ್ಲಿ ಕಲಿತ ಒರಟು ಕನ್ನಡ ಒಂದೇ. ಸಿಮೆಂಟ್ ಚೀಲ ಇಡುತ್ತಿದ್ದ ಶೆಡ್ಡೊಂದು ಖಾಲಿಯಾದಾಗ ಅದನ್ನು ಪ್ರಾರ್ಥನೆಗೆ ಬಿಟ್ಟುಕೊಟ್ಟಿದ್ದರು. ಪಾದ್ರಿಗಳು, ನಾವು ಅಯ್ಯನವರು ಅನ್ನುತ್ತೇವೆ, ಸಾಗರದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ಭಾನುವಾರಗಳಲ್ಲಿ ಆರಾಧನೆ ನಡೆಸುತ್ತಿದ್ದವರು ದೊಡ್ಡಮ್ಮ. ಗಂಡ ಸುರಂಗದ ಕೆಲಸದಲ್ಲಿ ತೀರಿಕೊಂಡ ಮೇಲೆ ಅವರಿಗೆ ಕಾಲೊನಿಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಸಂಬಂಧದಲ್ಲಿ ನಮಗ್ಯಾರಿಗೂ ದೊಡ್ಡಮ್ಮನಲ್ಲ. ಆದರೆ ಕಾಲೊನಿಯ ಮಕ್ಕಳೆಲ್ಲ ಕರೆಯುತ್ತಿದ್ದದ್ದು ಹಾಗೆ.

ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ಓದಲು ಬಾರದವರು ಆರಾಧನೆ ನಡೆಸುವುದು ಹೇಗೆ ಎಂದು ಈಗಿನವರು ಕೇಳುತ್ತಾರೆ. ಹೇಗೆಂದರೆ, ಕೀರ್ತನೆಗಳೆಲ್ಲ ಅವರಿಗೆ ಬಾಯಿಪಾಠ. ಬೈಬಲಿನಿಂದ ಆವತ್ತಿನ ವೇದಪಾಠ ಓದಲು ಒಬ್ಬರನ್ನು ಎಬ್ಬಿಸುತ್ತಿದ್ದರು. ಓದಿ ಮುಗಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತು, "ಏನಂತೆ? ನಿಮ್ಮ ಬಾಯಲ್ಲಿ ಹೇಳಿ," ಅನ್ನುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ ಸಿಟ್ಟು. "ಕಿವಿ ಮನೇಲಿ ಬಿಟ್ಟು ಬಂದ್ರಾ? ಇನ್ನೊಂದ್ಸಲ ಓದು ಮಗಾ." ಒಮ್ಮೊಮ್ಮೆ ಒಂದೇ ಪಾಠವನ್ನು ನಾನು ಮೂರು ಸಲ ಓದಿದ್ದುಂಟು. ಮೂರನೇ ಸಲಕ್ಕೆ ಯಾರೋ ಒಬ್ಬ ಕೂಲಿಯಾಳು ಗಂಟಲು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದ. ಅವನ ಮಾತೇ ಆವತ್ತಿನ ಪ್ರಸಂಗ, ಆವತ್ತಿನ ಉಪದೇಶ.

ಒಂದು ಭಾನುವಾರ ಓದಿದ್ದು ಲಕ್ವ ಹೊಡೆದವನ ಕಥೆ. ಅವನ ನಾಲ್ಕು ಜನ ಗೆಳೆಯರು ಬಾಗಿಲಲ್ಲಿ ಜಾಗ ಸಿಗದೆ ಮನೆಯ ಮಾಡನ್ನೇ, ಚಾವಣಿಯನ್ನೇ, ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ದೊಡ್ಡಮ್ಮ ಕೇಳಿದಾಗ ಗಾರೆ ಕೆಲಸದ ಒಬ್ಬ ಮುದುಕ ಎದ್ದು, "ಎಲ್ಲ ಸರಿ. ಆ ಮನೆಯವನ ಮಾಡು ಯಾರು ಹಾಕ್ಕೊಟ್ರು?" ಅಂದ. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ.

"ಒಳ್ಳೇ ಪ್ರಶ್ನೆ. ನೀವೇ ಹೇಳಿ."

ಒಬ್ಬ ನಾಲ್ಕು ಜನ ಗೆಳೆಯರೇ ಹಾಕಿರಬೇಕು ಅಂದ. ಇನ್ನೊಬ್ಬ, ವಾಸಿಯಾದವನೇ ಹತ್ತಿ ಹಾಕಿರಬೇಕು ಅಂದ. ವಾದ ಕಾವೇರಿತು. ಕೊನೆಗೆ ದೊಡ್ಡಮ್ಮ, "ನಮ್ಮಲ್ಲಿ ಯಾರ ಮಾಡು ಸೋರ್ತಿದೆ?" ಎಂದು ಕೇಳಿದರು. ಕಲ್ಲು ಒಡೆಯುವ ಕೆಲಸದ ಒಬ್ಬಳು ಹೆಂಗಸು ಹೆದರುತ್ತಾ ಕೈಯೆತ್ತಿದಳು. "ಹಾಗಾದ್ರೆ ಕೊನೇ ಪ್ರಾರ್ಥನೆ ಅವಳ ಮನೆ ಮೇಲೆ," ಅಂದರು ದೊಡ್ಡಮ್ಮ. ಆವತ್ತು ಮಧ್ಯಾಹ್ನ ಇಸ್ತ್ರಿ ಅಂಗಿಯಲ್ಲೇ ಆರೇಳು ಗಂಡಸರು ಅವಳ ಗುಡಿಸಲ ಮೇಲೆ ಹತ್ತಿ ತಗಡು ಬದಲಾಯಿಸಿದರು. ಕೆಳಗೆ ನಿಂತು ದೊಡ್ಡಮ್ಮ, ಮೊಳೆ ಸೊಟ್ಟ ಹೊಡೆದವನನ್ನು ಬೈಯುತ್ತಿದ್ದರು. ಕೊನೆಯ ತಗಡು ಕೂತ ಮೇಲೆ ಅಲ್ಲೇ ನಿಂತು ಆಶೀರ್ವಾದದ ಮಾತು ಹೇಳಿ ಜನರನ್ನು ಮನೆಗೆ ಕಳಿಸಿದರು.

ಇದನ್ನು ಓದಿ ದೊಡ್ಡಮ್ಮನ ಮೇಲೆ ನನಗೆ ಬರೀ ಭಕ್ತಿ ಇತ್ತು ಅಂದುಕೊಳ್ಳಬೇಡಿ. ಎರಡು ವರ್ಷ ನಾನು ಅವರನ್ನು ದ್ವೇಷಿಸಿದ್ದೇನೆ.

ಅಪ್ಪ ಅಣೆಕಟ್ಟು ಯೋಜನೆಯಲ್ಲಿ ಎಲೆಕ್ಟ್ರಿಷಿಯನ್. ಕಾಲೊನಿಯ ನಲ್ಲಿಯ ಹತ್ತಿರ ನೀರಿನ ಸರದಿಗೆ ಜಗಳವಾಗಿ ಪಕ್ಕದ ಸಾಲಿನ ವಾಚ್‌ಮನ್ ಒಬ್ಬನ ಕೆನ್ನೆಗೆ ಎಲ್ಲರ ಮುಂದೆ ಹೊಡೆದುಬಿಟ್ಟಿದ್ದರು. ಆತನೂ ನಮ್ಮ ಸಭೆಯವನೇ. ಭಾನುವಾರ ಇಬ್ಬರೂ ಶೆಡ್ಡಿಗೆ ಬಂದರು. ಯೇಸು ಕಲಿಸಿಕೊಟ್ಟ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಹತ್ತಿರ ಬಂದಾಗ ದೊಡ್ಡಮ್ಮನ ದನಿ ನಿಂತಿತು. ನಾವೂ ತಡವರಿಸಿ ನಿಂತೆವು.

"ಮುಂದಿನ ಸಾಲು ನನ್ನ ಬಾಯಿಗೆ ಬರ್ತಿಲ್ಲ," ಅಂದರು. "ಇಲ್ಲಿ ಇಬ್ರು ಇದ್ದಾರೆ. ಒಬ್ಬ ಹೊಡೆದವ, ಒಬ್ಬ ಹೊಡೆಸ್ಕೊಂಡವ. ಅವರಿಬ್ರು ಮಾತಾಡ್ಲಿ. ಆಮೇಲೆ ಹೇಳೋಣ."

ಅಪ್ಪನ ಮುಖ ಕಪ್ಪಿಟ್ಟಿತು. "ಇದೇನು ದೇವರ ಮನೆಯಾ, ಪಂಚಾಯ್ತಿ ಕಟ್ಟೆಯಾ?" ಎಂದು ಕೂಗಿದರು.

"ದೇವರ ಮನೆ ಅಂತಲೇ ಕೇಳ್ತಿರೋದು," ಅಂದರು ದೊಡ್ಡಮ್ಮ. "ಕಟ್ಟೆ ಆಗಿದ್ರೆ ದಂಡ ಹಾಕಿ ಕಳಿಸ್ತಿದ್ದೆ."

ಅಪ್ಪ ಅಮ್ಮನ ಕೈ ಹಿಡಿದು, ನನ್ನನ್ನು ದರದರ ಎಳೆದುಕೊಂಡು ಹೊರಟರು. ಹದಿನಾಲ್ಕರ ಹುಡುಗಿ ನಾನು. ನನ್ನ ಅಪ್ಪನನ್ನು ನಲವತ್ತು ಜನರ ಮುಂದೆ ಬತ್ತಲೆ ಮಾಡಿದ ಆ ಹೆಂಗಸನ್ನು ಇನ್ನೆಂದೂ ಮಾತಾಡಿಸುವುದಿಲ್ಲ ಎಂದು ಆಣೆ ಮಾಡಿಕೊಂಡೆ. ಈಗಲೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮನೆಗೆ ಬಂದು ಒಬ್ಬರೇ ಇದ್ದಾಗ ಹೇಳಬಹುದಿತ್ತು. ಆದರೆ ಅಪ್ಪ ಹೊಡೆದದ್ದೂ ಮನೆಯಲ್ಲಲ್ಲ, ಎಲ್ಲರ ಮುಂದೆ.

ಆರು ಭಾನುವಾರ ನಾವು ಹೋಗಲಿಲ್ಲ. ಆ ಆರೂ ಭಾನುವಾರ ಶೆಡ್ಡಿನಲ್ಲಿ ಆ ಪ್ರಾರ್ಥನೆಯನ್ನು ದೊಡ್ಡಮ್ಮ ಹೇಳಿಸಲೇ ಇಲ್ಲವಂತೆ. ಇಬ್ಬರ ಜಗಳಕ್ಕೆ ಎಲ್ಲರಿಗೂ ಶಿಕ್ಷೆಯೇ ಎಂದು ಕೆಲವರು ಗೊಣಗಿದರಂತೆ. ಒಂದು ಶನಿವಾರ ಸಂಜೆ ಅಪ್ಪ ತಮ್ಮಷ್ಟಕ್ಕೆ ಅಂಗಿ ಹಾಕಿಕೊಂಡು ವಾಚ್‌ಮನ್ ಮನೆಗೆ ಹೋದರು. ಒಳಗೆ ಏನು ಮಾತಾಡಿದರೋ ಸಾಯುವ ತನಕ ನಮಗೆ ಹೇಳಲಿಲ್ಲ. ಮರುದಿನ ಇಬ್ಬರೂ ಶೆಡ್ಡಿನಲ್ಲಿ ಒಂದೇ ಚಾಪೆಯ ಮೇಲೆ ಕೂತಿದ್ದರು. ದೊಡ್ಡಮ್ಮ ಅವರ ಕಡೆ ನೋಡಲೂ ಇಲ್ಲ. ಆ ಸಾಲನ್ನು ಎಲ್ಲ ಸಾಲಿನ ಹಾಗೆಯೇ ಹೇಳಿ ಮುಂದಕ್ಕೆ ಹೋದರು. ವಾಚ್‌ಮನ್ ಆಮೇಲೆ ಜೋಗಕ್ಕೆ ಹೋಗಿ ನೆಲೆಸಿದ. ನನ್ನ ಮದುವೆಗೂ ಬಂದ, ಅಪ್ಪನ ಮಣ್ಣಿಗೂ ಬಂದ. ನಾನು ದೊಡ್ಡಮ್ಮನನ್ನು ಮಾತಾಡಿಸಲು ಮತ್ತೆರಡು ವರ್ಷ ತೆಗೆದುಕೊಂಡೆ. ಅಪ್ಪನಿಗಿಂತ ನನಗೇ ಕೊಬ್ಬು ಹೆಚ್ಚು.

ಯೋಜನೆ ಮುಗಿಯಿತು. ಜನ ಕರಗಿದರು. ಕ್ವಾರ್ಟರ್ಸುಗಳ ಬಾಗಿಲು ಕಿಟಕಿ ಗೆದ್ದಲು ತಿಂದವು. ನಾನು ಓದಿ, ಕನ್ನಡ ಟೀಚರಾಗಿ, ಪೇಟೆಯಲ್ಲಿ ಮನೆ ಮಾಡಿದೆ. ಪೇಟೆಯ ಹೆಸರು ಬರೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನೊಳಗೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಅಲ್ಲಿನ ಸಭೆಗೆ ಹೊಸ ಸಭಾಪಾಲಕರು ಬಂದರು. ಹೊಸ ಕಟ್ಟಡ, ಹೊಸ ಸ್ಪೀಕರು, ಕೀಬೋರ್ಡು, ಗೋಡೆಯ ಮೇಲೆ ಹಾಡಿನ ಸಾಲು ಮೂಡಿಸುವ ಪರದೆ. ನನ್ನ ಗಂಟಲು ಚೆನ್ನಾಗಿದೆ ಎಂದು ಹಾಡುವವರ ಗುಂಪಿಗೆ ಸೇರಿಸಿದರು. ಅಕ್ಷರ ಚೆನ್ನಾಗಿದೆ ಎಂದು ಕಮಿಟಿಗೆ ಕಾರ್ಯದರ್ಶಿ ಮಾಡಿದರು. ಎರಡೂ ನನಗೆ ಖುಷಿಯೇ ಕೊಟ್ಟವು. ಸುಳ್ಳು ಯಾಕೆ ಹೇಳಲಿ.

ಆ ಹೊತ್ತಿಗೆ ಈ ಸಭೆಯ ಆಡಳಿತಕ್ಕೇ ಸೇರಿದ್ದ ಮಾಸ್ತಿಕಟ್ಟೆಯ ಶೆಡ್ಡಿನಲ್ಲಿ ಉಳಿದಿದ್ದವರು ಹದಿನಾರು ಜನ. ಕಮಿಟಿಯಲ್ಲಿ ಸಭಾಪಾಲಕರು ಹೇಳಿದರು: "ಓದೋಕೆ ಬರದವರು ಆರಾಧನೆ ನಡೆಸೋದು ಈ ಕಾಲದಲ್ಲಿ ಸರಿಯಲ್ಲ. ಅಲ್ಲಿ ಕ್ರಮ ಇಲ್ಲ, ಯಾರು ಬೇಕಾದ್ರೂ ಎದ್ದು ಮಾತಾಡ್ತಾರೆ. ಗುಣಮಟ್ಟ ಅಂತ ಒಂದು ಬೇಡ್ವಾ?" ಯಾರೂ ಎದುರು ಹೇಳಲಿಲ್ಲ. ಆ ಶೆಡ್ಡಿನಲ್ಲಿ ಕೂತೇ ಓದುವ ಧೈರ್ಯ ಕಲಿತವಳು ನಾನು. ನಾನೂ ಹೇಳಲಿಲ್ಲ. "ಟೀಚರೇ, ನೀವೇ ಒಂದು ಪತ್ರ ಬರೀರಿ. ನೋವಾಗದ ಹಾಗೆ," ಎಂದರು. ಬರೆದೆ. ದಣಿವರಿಯದ ಸೇವೆ, ಅರ್ಹವಾದ ವಿಶ್ರಾಂತಿ, ಕೃತಜ್ಞತೆ, ಎಲ್ಲ ಪದಗಳನ್ನೂ ಹಾಕಿದೆ. ಓದಲು ಬಾರದವರಿಗೆ ಬರೆದ ಪತ್ರ. ಓದಿ ಹೇಳಲು ನನ್ನನ್ನೇ ಕಳಿಸಿದರು.

ದೊಡ್ಡಮ್ಮ ಅಕ್ಕಿ ಆರಿಸುತ್ತಾ ಕೂತಿದ್ದರು. ಎರಡು ಸಾಲು ಓದುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಓದ್ಬೇಡ. ಏನಾಗ್ತದೆ ಅದನ್ನ ಹೇಳು."

"ಶೆಡ್ಡಿಗೆ ಬೀಗ ಹಾಕ್ತಾರೆ ದೊಡ್ಡಮ್ಮ. ಇನ್ನು ಎಲ್ಲರೂ ಪೇಟೆಗೇ ಬರಬೇಕು."

"ಇದನ್ನ ಬರೆದದ್ದು ಯಾರು?"

"ನಾನೇ."

ಅವರು ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ಅಕ್ಷರ ದುಂಡಗಿದಾವಾ?"

"ಹ್ಞೂಂ."

"ಹಾಗಾದ್ರೆ ನೀನೇ ಇಟ್ಕೊ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಆ ಪತ್ರವನ್ನು ಚೀಲದಿಂದ ತೆಗೆದು ಎಸೆಯಲೂ ಆಗಲಿಲ್ಲ, ಮಡಿಸಿ ಒಳಗಿಡಲೂ ಆಗಲಿಲ್ಲ.

ಅವರು ಮುನಿಸಿಕೊಂಡು ಮನೆಯಲ್ಲೇ ಉಳಿಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಮುಂದಿನ ಭಾನುವಾರ ಮೊದಲ ಬಸ್ಸಿಗೇ ಬಂದಿಳಿದರು. ಎರಡು ತಿಂಗಳು ತಪ್ಪದೆ ಬಂದರು. ನಾವು ಹಾಡುವ ಹೊಸ ಹಾಡುಗಳು ಅವರಿಗೆ ಗೊತ್ತಿರಲಿಲ್ಲ. ಕಲಿಯೋಣವೆಂದರೆ ಹಾಡು ಇರುವುದು ಪರದೆಯ ಮೇಲೆ. "ಗೋಡೆ ಮೇಲೆ ಇರುವೆ ಹರಿದ ಹಾಗೆ ಅಕ್ಷರ ಹರೀತಾವೆ. ನಾನು ಯಾವುದನ್ನ ಹಿಡ್ಕೊಳ್ಳಲಿ?" ಎಂದು ಒಮ್ಮೆ ನನ್ನನ್ನು ಕೇಳಿದರು. ನಾನು ನಕ್ಕೆ. ಅವರು ಅದನ್ನು ನಗಿಸಲು ಹೇಳಿರಲಿಲ್ಲ. ನೂರಾರು ಕೀರ್ತನೆ ಬಾಯಿಗೆ ಬರುವ ಹೆಂಗಸು ಎಂಟು ಭಾನುವಾರ ಬಾಯಿ ಮುಚ್ಚಿ ನಿಂತಿದ್ದರು. ಮೊನ್ನೆ ಸಭಾಪಾಲಕರು ಹೊಗಳಿದ ಮೌನ ಅದು. ಅದನ್ನು ಅವರ ಬಾಯಿಗೆ ತುರುಕಿದವರು ನಾವು.

ಒಂಬತ್ತನೇ ಭಾನುವಾರ ಪ್ರಸಂಗ ಮುಕ್ಕಾಲು ಗಂಟೆ ದಾಟಿತ್ತು. ಸಭಾಪಾಲಕರು ಎಲ್ಲೋ ತರಬೇತಿಯಲ್ಲಿ ಕಲಿತ ದೊಡ್ಡ ದೊಡ್ಡ ಮಾತುಗಳನ್ನು ಉದುರಿಸುತ್ತಿದ್ದರು. ದೊಡ್ಡಮ್ಮ ಹಿಂದಿನಿಂದ ಎದ್ದು ನಿಂತರು.

"ಅಯ್ಯನವರೇ, ಒಂದು ನಿಮಿಷ."

ಸಭಾಪಾಲಕರು ಮಾತು ನಿಲ್ಲಿಸಿದರು. "ಏನಮ್ಮಾ, ಕೇಳಿಸ್ತಿಲ್ವಾ? ಸೌಂಡ್ ಜಾಸ್ತಿ ಮಾಡಿಸ್ಲಾ?"

"ಕೇಳಿಸ್ತದೆ. ತಿಳೀತಿಲ್ಲ."

ಎಲ್ಲೋ ಒಂದೆರಡು ಬಾಯಿ ಕಿಸಕ್ಕೆಂದವು. ದೊಡ್ಡಮ್ಮ ಬಿಡಲಿಲ್ಲ. "ನಂಗೊಬ್ಬಳಿಗೇ ತಿಳೀದಿದ್ರೆ ಕೂತ್ಕೊತೀನಿ. ಇಲ್ಲಿ ಕೂತೋರನ್ನ ಕೇಳಿ ನೋಡಿ, ಈಗ ನೀವು ಹೇಳಿದ್ದು ಏನು ಅಂತ. ಒಬ್ರು ಹೇಳ್ಲಿ."

ಯಾರೂ ಹೇಳಲಿಲ್ಲ. ಯಾಕೆಂದರೆ ಯಾರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ, ಕನ್ನಡ ಪಾಠ ಮಾಡುವವಳಿಗೆ. ಸಭಾಪಾಲಕರ ಕಿವಿ ಕೆಂಪಾದವು. "ಅಜ್ಜಿಗೆ ಸುಸ್ತಾಗಿದೆ ಅನ್ಸುತ್ತೆ. ಸ್ವಲ್ಪ ಹೊರಗೆ ಗಾಳಿಗೆ ಕೂರಿಸಿ," ಎಂದರು. ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಇಬ್ಬರು ಬಂದು ದೊಡ್ಡಮ್ಮನ ಎರಡು ತೋಳು ಹಿಡಿದರು.

"ನಂಗೆ ಸುಸ್ತಾಗಿಲ್ಲ," ಅಂದರು ದೊಡ್ಡಮ್ಮ. "ಸಿಟ್ಟು ಬಂದಿದೆ."

ಸಭಾಪಾಲಕರು ನಮ್ಮ ಗುಂಪಿನ ಕಡೆ ತಿರುಗಿ ಕೈಸನ್ನೆ ಮಾಡಿದರು. ಕೀಬೋರ್ಡು ಶುರುವಾಯಿತು. ನಾನು ಹಾಡಿದೆ. ಬಾಗಿಲ ಹತ್ತಿರ ದೊಡ್ಡಮ್ಮ ತೋಳು ಕೊಸರಿಕೊಂಡು, ಜಾರಿದ ಸೆರಗು ಸರಿಮಾಡಿಕೊಂಡು, ತಾವಾಗಿಯೇ ಹೊಸ್ತಿಲು ದಾಟಿದ್ದನ್ನು ನೋಡುತ್ತಲೇ ಹಾಡಿದೆ. ಒಂದು ಸ್ವರವೂ ತಪ್ಪಲಿಲ್ಲ. ಮುಗಿದ ಮೇಲೆ ಯಾರೋ "ಇವತ್ತು ತುಂಬಾ ಚೆನ್ನಾಗಿ ಬಂತು ಟೀಚರ್" ಅಂದರು.

ಆಮೇಲೆ ಅವರು ಬರಲಿಲ್ಲ. ಈ ಐದಾರು ವರ್ಷದಲ್ಲಿ ನಾನು ಅವರ ಮನೆಗೆ ಹೋದದ್ದು ಎರಡು ಸಲ. ಎರಡು ಸಲವೂ ಬಸ್ಸಿಗೆ ಹೊತ್ತಾಯಿತೆಂದು ಓಡಿ ಬಂದವಳು. ಭಾನುವಾರ ಮನೆಯಲ್ಲೇ ಮೂರು ನಾಲ್ಕು ಜನ ಸೇರುತ್ತಾರೆ ಎಂದು ಕೇಳಿದ್ದೆ. ಯಾರೆಂದು ವಿಚಾರಿಸಲಿಲ್ಲ.

ಅವರು ತೀರಿಕೊಂಡಾಗ ಹೆಣ ತಂದವಳು ಪಕ್ಕದ ಮನೆಯ ಹೆಂಗಸು. ಮೇಳಿಗೆ ಊರಿನ ಒಕ್ಕಲಿಗರ ಮನೆಯಿಂದ ಮಾಸ್ತಿಕಟ್ಟೆಗೆ ಮದುವೆಯಾಗಿ ಬಂದವಳು. ಕ್ರೈಸ್ತಳಲ್ಲ. ಸಮಾಧಿ ಭೂಮಿ ಪೇಟೆಯಲ್ಲಿ ಇರುವುದರಿಂದ ಬಾಡಿಗೆ ಪಿಕಪ್ಪಿನಲ್ಲಿ ಹೆಣದ ಪಕ್ಕ ಕೂತು ಬಂದಿದ್ದಳು. ಚರ್ಚಿನ ಅಂಗಳದಲ್ಲಿ ನನ್ನ ಹತ್ತಿರ ಹೇಳಿದಳು:

"ನಮ್ಮ ಮಗು ತೀರ್ಕೊಂಡಾಗ ಎಲ್ರೂ ಬಂದು ಸಮಾಧಾನ ಹೇಳಿ ಹೋದ್ರು. ಇವರು ಬಂದು ಕೂತ್ಕೊಂಡು, ಏನಾಯ್ತು ಹೇಳವ್ವಾ ಅಂದ್ರು. ನಾನು ಹೇಳಿ ಮುಗಿಸೋವರೆಗೂ ಏಳ್ಲಿಲ್ಲ. ಆಮೇಲೆ ಅವರ ದೇವರ ಹತ್ರ ಜಗಳ ಆಡಿದ್ರು, ನನ್ನ ಮುಂದೇನೇ. ಯಾಕೆ ಹಿಂಗ್ ಮಾಡ್ದೆ ಅಂತ. ಅವತ್ತಿಂದ ಪ್ರತಿ ಭಾನುವಾರ ನಾನು ಹೋಗಿ ಕೂತ್ಕೊತಿದ್ದೆ. ಇದನ್ನ ಒಳಗೆ ಒಂದು ಮಾತು ಹೇಳಬಹುದಾ ಅಕ್ಕಾ?"

ನಾನು ಸಭಾಪಾಲಕರನ್ನು ಕೇಳಿದೆ. "ಕಾರ್ಯಕ್ರಮದ ಪಟ್ಟಿ ಪ್ರಿಂಟ್ ಆಗಿದೆ ಟೀಚರೇ. ಅದೂ ಅಲ್ದೆ ಅವರು ನಮ್ಮವರಲ್ಲ," ಎಂದರು. ಆಕೆ ಎಲ್ಲ ಮುಗಿಯುವ ತನಕ ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದಳು. ಒಳಗೆ, ದೊಡ್ಡಮ್ಮನ ಬಗ್ಗೆ ಒಂದು ನಿಜವಾದ ಮಾತೂ ಬರದ ಆರಾಧನೆ ನಡೆಯಿತು. ಗುಣಮಟ್ಟದಲ್ಲಿ ಏನೂ ಕೊರತೆಯಿರಲಿಲ್ಲ.

ಸಭಾಪಾಲಕರನ್ನು ಬೈದು ಈ ಬರಹ ಮುಗಿಸಬಹುದಿತ್ತು. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತಿರುವ ಆರಾಧನೆ ಅಷ್ಟೇ. ನನಗೆ ಬೇರೆಯದು ಗೊತ್ತಿತ್ತು. ಗೊತ್ತಿದ್ದೂ ಪತ್ರ ಬರೆದೆ, ಗೊತ್ತಿದ್ದೂ ಹಾಡಿದೆ. ಮಣ್ಣು ಮುಗಿಸಿ ಬಂದ ಮೇಲೆ ವಾರವಿಡೀ ಊಟ ಸೇರಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಗಂಡ ಕೇಳಿದರೆ ಪಾತ್ರೆ ಕುಕ್ಕುತ್ತಿದ್ದೆ.

ಮರುಭಾನುವಾರ ಸಾಕ್ಷಿ ಹೇಳುವ ಸಮಯ ಬಂತು. ದೇವರು ಮಾಡಿದ ಉಪಕಾರವನ್ನು ಯಾರಾದರೂ ಎದ್ದು ಎರಡು ನಿಮಿಷ ಹೇಳುವುದು ನಮ್ಮಲ್ಲಿ ರೂಢಿ. ನಾನು ಮೈಕ್ ತೆಗೆದುಕೊಂಡೆ.

"ಹೋದ ವಾರ ನಾವು ಹೂತದ್ದು ಶಾಂತ ಸ್ವಭಾವದವರನ್ನಲ್ಲ," ಅಂದೆ. "ಅವರನ್ನು ಇದೇ ಬಾಗಿಲಿಂದ ತೋಳು ಹಿಡಿದು ಹೊರಗೆ ಕಳಿಸಿದ್ದೆವು. ಆಗ ನಾನು ಹಾಡ್ತಿದ್ದೆ."

ಸಭಾಪಾಲಕರು ಸೌಂಡಿನವನ ಕಡೆ ನೋಡಿದರು. ಮುಂದಿನ ಮಾತಿಗೆ ಮೈಕ್ ಸತ್ತಿತ್ತು. ಅದನ್ನು ಕೀಬೋರ್ಡಿನ ಮೇಲೆ ಇಟ್ಟೆ. ದಿನವೂ ಮಕ್ಕಳ ಮುಂದೆ ಕೂಗುವ ಗಂಟಲು ನನ್ನದು, ಆದರೆ ಆವತ್ತು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಆದರೂ ಪತ್ರದ ವಿಷಯ ಹೇಳಿದೆ. ಬಾಗಿಲ ಹೊರಗೆ ನಿಂತಿದ್ದ ಮೇಳಿಗೆಯ ಹೆಂಗಸಿನ ವಿಷಯ ಹೇಳಿದೆ. ಮುಂದಿನ ಬೆಂಚಿನಿಂದ ಒಂದು ಕುಟುಂಬ ಎದ್ದು ಹೊರಗೆ ಹೋಯಿತು. ಕಮಿಟಿಯವರೊಬ್ಬರು "ಸಾಕು ಟೀಚರ್, ಸಾಕು" ಎಂದು ಕೈ ಆಡಿಸುತ್ತಿದ್ದರು.

ಆಗ ತೀರಾ ಹಿಂದೆ ಕೂತಿದ್ದ ಒಬ್ಬ ಮುದುಕ ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ನಡುದಾರಿಯಲ್ಲಿ ನಡೆದು ಬಂದ. ಅವನ ಹಿಂದೆ ಇನ್ನಿಬ್ಬರು ಹೆಂಗಸರು, ಅವರವರ ಕುರ್ಚಿ ಹೊತ್ತುಕೊಂಡು. ನನ್ನ ಎದುರಿಗೆ, ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ ಕೂತರು. ಮುದುಕ ಕಿವಿಗೆ ಅಂಗೈ ಆನಿಸಿಕೊಂಡು ಹೇಳಿದ:

"ಹ್ಞೂಂ, ಈಗ ಹೇಳಮ್ಮ. ಮೊದಲಿಂದ ಹೇಳು."